ಬೆಕಾ ಕಣಿವೆಯಲ್ಲಿ ಜನನ ಪತ್ರ ಮಾಡಿಸಿದ್ದು

ತಪ್ಪು ನನ್ನದೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ. 2018ರ ಜುಲೈ ತಿಂಗಳು. ಲೆಬನಾನಿನ ಬೆಕಾ ಕಣಿವೆಯಲ್ಲಿ ಸಂಚಾರಿ ಚಿಕಿತ್ಸಾಲಯವೊಂದರ ದಾದಿಯಾಗಿ ಬಸುರಿಯರ ತಪಾಸಣೆ ಮಾಡುತ್ತಿದ್ದೆ. ಐದು ತಿಂಗಳ ಬಸುರಿಯೊಬ್ಬಳ ಕಾರ್ಡು ತುಂಬುವಾಗ ಅವಳ ಹೆಸರಿನ ಕೊನೆಯ ಅಕ್ಷರವನ್ನು ತಪ್ಪಾಗಿ ಬರೆದೆ. ಅರಬಿಯಲ್ಲಿ ಹೆಂಗಸರ ಎಷ್ಟೋ ಹೆಸರುಗಳು ‘ತಾ ಮರ್ಬೂತಾ’ ಎಂಬ, ತಲೆಯ ಮೇಲೆ ಎರಡು ಚುಕ್ಕೆ ಹೊತ್ತ ದುಂಡನೆಯ ಅಕ್ಷರದಲ್ಲಿ ಮುಗಿಯುತ್ತವೆ. ಕೆಲವು ಮಾತ್ರ ನೆಟ್ಟಗೆ ನಿಂತ ‘ಅಲಿಫ್’ನಲ್ಲಿ. ನನ್ನ ಕಿವಿಗೆ ಎರಡೂ ಒಂದೇ. ದುಂಡು ಇರಬೇಕಾದಲ್ಲಿ ನಾನು ಗೀಟು ಎಳೆದೆ. ಹೆರಿಗೆಯ ದಿನ ಆಸ್ಪತ್ರೆಯವರು ಅವಳ ಗುರುತಿನ ಚೀಟಿ ನೋಡದೆ ನನ್ನ ಕಾರ್ಡು ನೋಡಿಕೊಂಡು ಜನನದ ಚೀಟಿ ಬರೆದರು. ಆ ಗೀಟು ಮುಂದೆ ಒಂದು ಸಂಸಾರವನ್ನು ಇನ್ನಷ್ಟು ಅಲೆಸಿತು. ನಾಚಿಕೆಯಿಂದ ನಾನೂ ಜೊತೆಗೆ ಅಲೆದೆ.

ನನ್ನ ಅರಬಿ ಮಸ್ಕತ್ತಿನದು. ಕುಂದಾಪುರದ ಕಡೆಯವಳಾದ ನಾನು ಮಂಗಳೂರಿನಲ್ಲಿ ನರ್ಸಿಂಗ್ ಓದಿ, ಹನ್ನೊಂದು ವರ್ಷ ಒಮಾನಿನಲ್ಲಿ ದುಡಿದು, ಆಮೇಲೆ ಒಂದು ನೆರವು ಸಂಸ್ಥೆಯ ಮೂಲಕ ಇಲ್ಲಿಗೆ ಬಂದವಳು. ಕೊಲ್ಲಿಯ ಕಡೆ ‘ಚೆನ್ನಾಗಿದೆ’ ಎನ್ನಲು ‘ಜ಼ೈನ್’ ಎನ್ನುತ್ತಾರೆ, ಇಲ್ಲಿ ‘ಮ್ನೀಹ್’. ನಾನು ‘ಜ಼ೈನ್’ ಎಂದಾಗಲೆಲ್ಲ ಡೇರೆಯ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು. ಬಸುರಿಯ ಅತ್ತೆ ನನ್ನನ್ನು ‘ತಮರ್ ಹಿಂದಿ’ ಎಂದು ಕರೆಯುತ್ತಿದ್ದಳು. ಅಂದರೆ ಹುಣಸೆಹಣ್ಣು, ಪದಶಃ ‘ಹಿಂದೂಸ್ತಾನದ ಖರ್ಜೂರ’. ಬಣ್ಣಕ್ಕೋ ಮಾತಿನ ಹುಳಿಗೋ ಎಂದು ಕೇಳಿದರೆ ಎರಡಕ್ಕೂ ಎಂದಳು. ಅಲ್ಲಿ ವಯಸ್ಸಾದ ಹೆಂಗಸರನ್ನು, ಹಜ್ ಯಾತ್ರೆ ಮಾಡಿರಲಿ ಬಿಡಲಿ, ‘ಹಜ್ಜೆ’ ಎನ್ನುತ್ತಾರೆ. ನನಗದು ಮೊದಲ ದಿನದಿಂದಲೂ ಅಜ್ಜಿ ಎಂದೇ ಕೇಳಿಸಿತು. ಆ ಮನೆಯವರ ಹೆಸರು ಬರೆಯುವುದಿಲ್ಲ. ಹೆಸರಿನ ವಿಷಯದಲ್ಲಿ ಒಮ್ಮೆ ಕೈ ಸುಟ್ಟುಕೊಂಡವಳು ನಾನು.

ಬೆಕಾ ಎಂದರೆ ಎರಡು ಪರ್ವತಸಾಲುಗಳ ನಡುವೆ ಹಾಸಿದಂತಿರುವ ಬಯಲು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಆಲೂಗಡ್ಡೆ, ಈರುಳ್ಳಿ, ಗೋಧಿ, ದ್ರಾಕ್ಷಿ ಬೆಳೆಯುವ ಕೆಂಪು ನೆಲ. ಬೇರೂತಿನಿಂದ ದಹ್ರ್ ಅಲ್ ಬೈದರ್ ಘಟ್ಟ ಹತ್ತಿ ಇಳಿದರೆ ಶ್ತೂರಾ, ಅಲ್ಲಿಂದ ಬರ್ ಇಲ್ಯಾಸ್, ಮುಂದೆ ಮಸ್ನಾ ಗಡಿ, ಗಡಿ ದಾಟಿದರೆ ದಮಾಸ್ಕಸ್ಸಿಗೆ ಒಂದು ತಾಸಿನ ದಾರಿ. ಇಷ್ಟು ಹತ್ತಿರ ಇರುವುದರಿಂದಲೇ 2011ರಲ್ಲಿ ಸಿರಿಯಾದಲ್ಲಿ ಯುದ್ಧ ಶುರುವಾದಾಗ ಜನ ಇಲ್ಲಿಗೆ ಹರಿದು ಬಂದರು. 2014ರ ಏಪ್ರಿಲ್ ಹೊತ್ತಿಗೆ ನೋಂದಾಯಿತ ನಿರಾಶ್ರಿತರೇ ಹತ್ತು ಲಕ್ಷ ದಾಟಿದ್ದರು. ನಾಲ್ಕು ಚಿಲ್ಲರೆ ದಶಲಕ್ಷ ಜನರ ಪುಟ್ಟ ದೇಶ ಅದು. 2015ರ ಮೇ ತಿಂಗಳಲ್ಲಿ ಸರ್ಕಾರ ಹೊಸ ನೋಂದಣಿಯನ್ನೇ ನಿಲ್ಲಿಸಲು ಹೇಳಿತು. ನೋಂದಣಿ ನಿಂತಿತು, ಜನ ಬರುವುದು ನಿಲ್ಲಲಿಲ್ಲ.

ಜೋರ್ಡಾನಿನ ಜ಼ಾತರಿಯಂತೆ ಬೇಲಿ ಹಾಕಿ, ಬೀದಿಗೆ ಸಂಖ್ಯೆ ಕೊಟ್ಟು ಕಟ್ಟಿದ ಶಿಬಿರಗಳು ಲೆಬನಾನಿನಲ್ಲಿಲ್ಲ. 1948ರಲ್ಲಿ ಬಂದ ಪ್ಯಾಲೆಸ್ತೀನಿಯರ ಶಿಬಿರಗಳು ಇಂದಿಗೂ ಉಳಿದುಕೊಂಡಿವೆ, ನಡುವೆ ಹದಿನೈದು ವರ್ಷದ ಅಂತರ್ಯುದ್ಧವೂ ಆಗಿಹೋಗಿದೆ. ಹಾಗಾಗಿ ‘ಶಿಬಿರ’ ಎಂಬ ಮಾತು ಕೇಳಿದರೇ ಅಲ್ಲಿನ ರಾಜಕಾರಣಿಗಳು ಬೆಚ್ಚುತ್ತಾರೆ. ಹೆಚ್ಚಿನ ನಿರಾಶ್ರಿತರು ಬಾಡಿಗೆ ಕೋಣೆಗಳಲ್ಲಿ, ಗ್ಯಾರೇಜುಗಳಲ್ಲಿ, ಅರೆಬರೆ ಕಟ್ಟಿದ ಕಟ್ಟಡಗಳಲ್ಲಿ ಇದ್ದಾರೆ. ಉಳಿದವರು ರೈತರ ಹೊಲವನ್ನು ಬಾಡಿಗೆಗೆ ಹಿಡಿದು ಡೇರೆ ಹಾಕಿಕೊಳ್ಳುತ್ತಾರೆ. ಸರ್ಕಾರಿ ಕಾಗದದಲ್ಲಿ ಅದು ಶಿಬಿರವಲ್ಲ, ಜನರ ಬಾಯಲ್ಲಿ ಮಾತ್ರ ‘ಮುಖಯ್ಯಮ್’. ಜಮೀನಿನ ಮಾಲೀಕನಿಗೂ ಡೇರೆಯವರಿಗೂ ನಡುವೆ ‘ಶಾವೀಶ್’ ಇರುತ್ತಾನೆ. ಯುದ್ಧಕ್ಕೆ ಮುಂಚೆ ಸಿರಿಯಾದಿಂದ ಸುಗ್ಗಿಗೆ ಆಳುಗಳನ್ನು ಕರೆತರುತ್ತಿದ್ದ ಮೇಸ್ತ್ರಿಗಳೇ ಬಹಳ ಕಡೆ ಈಗ ಶಾವೀಶರು. ಬಾಡಿಗೆ ಎತ್ತುವವನು ಅವನೇ, ಹೆಂಗಸರು ಮಕ್ಕಳನ್ನು ಹೊಲಕ್ಕೆ ಕಳಿಸಿ ಕೂಲಿಯಲ್ಲಿ ತನ್ನ ಪಾಲು ಮುರಿದುಕೊಳ್ಳುವವನೂ ಅವನೇ. ನಮ್ಮ ಚಿಕಿತ್ಸಾಲಯದ ವ್ಯಾನು ಒಳಗೆ ಬರಬೇಕಾದರೂ ಮೊದಲು ಅವನ ಡೇರೆಯಲ್ಲಿ ಕಾಫಿ ಕುಡಿಯಬೇಕು.

ಹಜ್ಜೆಯ ಮನೆಯವರು ಹೋಮ್ಸ್ ಪ್ರಾಂತದ ಕುಸೈರ್ ಬಳಿಯ ಹಳ್ಳಿಯವರು. ಏಪ್ರಿಕಾಟ್ ತೋಟದವರು. 2013ರ ಜೂನಿನಲ್ಲಿ ಕುಸೈರ್ ಸರ್ಕಾರಿ ಸೇನೆ ಮತ್ತು ಹಿಜ್ಬುಲ್ಲಾ ಕೈಗೆ ಬಿದ್ದಾಗ ಬೆಟ್ಟ ದಾಟಿ ಬಂದರು. ಮೊದಲು ರಿಯಾಕ್ ವಾಯುನೆಲೆಯ ಹತ್ತಿರ ಡೇರೆ ಹಾಕಿದ್ದರು. 2017ರಲ್ಲಿ ಭದ್ರತೆಯ ಕಾರಣ ಹೇಳಿ ಲೆಬನಾನಿನ ಸೇನೆ ಆ ಸುತ್ತಿನ ಡೇರೆಗಳನ್ನೆಲ್ಲ ಎಬ್ಬಿಸಿದ್ದರಿಂದ ಬರ್ ಇಲ್ಯಾಸ್ ಕಡೆ ಬಂದರು. ಮರದ ರೀಪು, ವಿಶ್ವಸಂಸ್ಥೆಯ ಮುದ್ರೆಯ ಪ್ಲಾಸ್ಟಿಕ್ ಹೊದಿಕೆ, ಮೇಲೆ ಗಾಳಿಗೆ ಹಾರದಂತೆ ಹಳೆಯ ಟೈರು. ಒಳಗೋಡೆಗೆ ಬಳಸಿ ಬಿಸಾಡಿದ ಜಾಹೀರಾತಿನ ಫ್ಲೆಕ್ಸ್. ಅವರ ಡೇರೆಯ ಪಾಲಿಗೆ ಬಂದಿದ್ದು ಕೈಗಡಿಯಾರವೊಂದರ ಜಾಹೀರಾತು, ಅದೂ ತಲೆಕೆಳಗಾಗಿ. ನಾಲ್ಕು ವರ್ಷದ ಮೊಮ್ಮಗಳು ಗಂಟೆ ನೋಡುವುದನ್ನು ಅದರಲ್ಲೇ ಕಲಿತು ಯಾವಾಗಲೂ ಆರು ತಾಸು ತಪ್ಪು ಹೇಳುತ್ತಿದ್ದಳು.

ನೆಲಕ್ಕೆ ತೆಳುವಾದ ಸಿಮೆಂಟು, ಅದರ ಮೇಲೆ ಚಾಪೆ. ಗೋಡೆಗೆ ಇಟ್ಟಿಗೆ ಕಟ್ಟುವಂತಿಲ್ಲ, ಕಟ್ಟಿದರೆ ಅದು ಕಾಯಂ ಮನೆಯಾಗಿಬಿಡುತ್ತದೆ ಎಂಬ ಭಯ. 2019ರಲ್ಲಿ ಅರ್ಸಾಲ್ ಎಂಬಲ್ಲಿ ಐದು ಸಾಲಿಗಿಂತ ಎತ್ತರದ ಸಿಮೆಂಟ್ ಇಟ್ಟಿಗೆ ಗೋಡೆಗಳನ್ನು ಒಡೆಯಬೇಕೆಂದು ಸೇನೆ ಹುಕುಂ ಹೊರಡಿಸಿತು. ಜನ ತಮ್ಮ ಗೋಡೆಗಳನ್ನು ತಾವೇ ಸುತ್ತಿಗೆ ಹಿಡಿದು ಒಡೆದರು. ಡೇರೆಯ ನಡುವೆ ‘ಸೋಬ್ಯಾ’ ಎಂಬ ಕಬ್ಬಿಣದ ಒಲೆ. ಅದಕ್ಕೆ ‘ಮಾಜ಼ೂತ್’, ಅಂದರೆ ಡೀಸೆಲ್, ಬೇಕು. ಮಾಜ಼ೂತ್ ಮುಗಿದ ದಿನ ಪ್ಲಾಸ್ಟಿಕ್, ಹಳೆಯ ಚಪ್ಪಲಿ, ಬಟ್ಟೆ ಸುಡುತ್ತಾರೆ. ಚಳಿಗಾಲದಲ್ಲಿ ನನ್ನ ಹತ್ತಿರ ಬರುತ್ತಿದ್ದ ಮಕ್ಕಳಲ್ಲಿ ಕೆಮ್ಮದ ಮಗುವೇ ಇರಲಿಲ್ಲ. ಕೆಮ್ಮಿನ ಸಿರಪ್ಪು ಕೊಡುವಾಗ ನನಗೆ ಗೊತ್ತಿತ್ತು, ಬೇಕಾದದ್ದು ಸಿರಪ್ಪಲ್ಲ, ಇಪ್ಪತ್ತು ಲೀಟರ್ ಡೀಸೆಲ್.

ಇನ್ನು ದುಡ್ಡು. ವಿಶ್ವ ಆಹಾರ ಕಾರ್ಯಕ್ರಮದ ಕೆಂಪು ಕಾರ್ಡಿಗೆ ತಲೆಗೆ ತಿಂಗಳಿಗೆ 27 ಡಾಲರ್ ಬೀಳುತ್ತಿತ್ತು. 2015ರಲ್ಲಿ ಹಣ ಸಾಲದೆ ಅದು 13.50ಕ್ಕೆ ಇಳಿದದ್ದನ್ನು ಎಲ್ಲರೂ ನೆನೆಯುತ್ತಿದ್ದರು. ಅತಿ ಬಡವರಿಗೆ ಮನೆಗೆ 175 ಡಾಲರಿನ ಇನ್ನೊಂದು ನೆರವಿತ್ತು. ಯಾರು ಅತಿ ಬಡವರು ಎಂಬುದನ್ನು ಕಂಪ್ಯೂಟರಿನ ಸೂತ್ರವೊಂದು ನಿರ್ಧರಿಸಿ ಮೊಬೈಲಿಗೆ ಸಂದೇಶ ಕಳಿಸುತ್ತಿತ್ತು. ಪಕ್ಕದ ಡೇರೆಗೆ ಬಂದದ್ದು ತಮಗೇಕೆ ಬರಲಿಲ್ಲ ಎಂಬ ಪ್ರಶ್ನೆಗೆ ಯಾರ ಹತ್ತಿರವೂ ಅರ್ಥವಾಗುವ ಉತ್ತರ ಇರಲಿಲ್ಲ. ಹಜ್ಜೆಯ ಸೊಸೆ ಈರುಳ್ಳಿ ಹೊಲದಲ್ಲಿ ಅರ್ಧ ದಿನ ಬಗ್ಗಿದರೆ ಆರು ಸಾವಿರ ಲೀರಾ, ಅಂದಿನ ಲೆಕ್ಕಕ್ಕೆ ನಾಲ್ಕು ಡಾಲರ್. ಡೇರೆಯ ನೆಲಬಾಡಿಗೆ ವರ್ಷಕ್ಕೆ ಆರುನೂರು ಡಾಲರ್. ಗಂಡನ ದುಡಿಮೆಯ ಮಾತು ಬಂದರೆ ಎಲ್ಲರೂ ಸುಮ್ಮನಾಗುತ್ತಿದ್ದರು. ಅವನಿಗೆ ‘ಇಕಾಮೆ’, ಅಂದರೆ ವಾಸದ ಪರವಾನಗಿ, ಇರಲಿಲ್ಲ.

ಅದರ ಕಥೆಯನ್ನು ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಮುಂದಿನದೆಲ್ಲ ಅದಕ್ಕೇ ತೊಡರಿಕೊಂಡಿದೆ. 2015ರ ಜನವರಿಯಿಂದ ಹದಿನೈದು ದಾಟಿದ ಪ್ರತಿ ಸಿರಿಯನ್ ಪರವಾನಗಿ ನವೀಕರಿಸಲು ವರ್ಷಕ್ಕೆ 200 ಡಾಲರ್ ಕೊಡಬೇಕಾಯಿತು. ವಿಶ್ವಸಂಸ್ಥೆಯ ನೋಂದಣಿ ತೋರಿಸಬೇಕು, ಇಲ್ಲವೇ ಲೆಬನಾನಿನವನೊಬ್ಬ ‘ಕಫೀಲ್’ ಆಗಿ ನಿಲ್ಲಬೇಕು. ಕಫೀಲ್ ಎಂದರೆ ಜಾಮೀನುದಾರ. ಇವನು ತೋಟದ ಮಾಲೀಕನನ್ನು ಕಫೀಲನಾಗಿ ಹಿಡಿದು ಒಂದು ವರ್ಷ ದಾಟಿಸಿದ. 2017ರಲ್ಲಿ ಸರ್ಕಾರ ನೋಂದಾಯಿತ ನಿರಾಶ್ರಿತರಿಗೆ ಶುಲ್ಕ ಮನ್ನಾ ಮಾಡಿತು. ಆದರೆ ಹಿಂದೆ ಕಫೀಲನ ಮೂಲಕ ಹೋದವರಿಗೆ ಆ ಮನ್ನಾ ಇಲ್ಲ. ಕಾನೂನು ಪಾಲಿಸಲು ದುಡ್ಡು ಸುರಿದವನೇ ಕಾನೂನಿನ ಹೊರಗಾದ. ನಾನು ಅಲ್ಲಿದ್ದ ವರ್ಷ ಹದಿನೈದು ದಾಟಿದ ಸಿರಿಯನ್ನರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿಗೆ ಪರವಾನಗಿ ಇರಲಿಲ್ಲ. ಹಾಗಾಗಿ ಗಂಡಸರು ‘ಹಾಜಿಜ಼್’, ಅಂದರೆ ತಪಾಸಣೆ ಠಾಣೆ, ಇರುವ ರಸ್ತೆಗೆ ಇಳಿಯುತ್ತಿರಲಿಲ್ಲ. ಹೆಂಗಸರನ್ನು ಅಷ್ಟಾಗಿ ತಡೆಯುವುದಿಲ್ಲ. ಅಂಗಡಿ, ಆಸ್ಪತ್ರೆ, ಕಚೇರಿ ಎಲ್ಲವೂ ಹೆಂಗಸರ ಪಾಲಿಗೆ ಬಂದಿತ್ತು.

ನವೆಂಬರಿನಲ್ಲಿ ಗಂಡು ಮಗು ಹುಟ್ಟಿತು. ನಾನು ನೋಡಲು ಹೋದಾಗ ಹಜ್ಜೆ ಸಿಹಿ ಕೊಟ್ಟು, ಬಿಲ್ಲಿನ ವಿಷಯ ತೆಗೆದಳು. ಹೆರಿಗೆಯ ವೆಚ್ಚದಲ್ಲಿ ಬಹುಪಾಲನ್ನು ಆಗ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಭರಿಸುತ್ತಿತ್ತು. ಅವರು ಅದನ್ನು ‘ಅಲ್ ಉಮಮ್’ ಎನ್ನುತ್ತಾರೆ, ‘ರಾಷ್ಟ್ರಗಳು’ ಎಂದರ್ಥ. ಉಳಿದ ಪಾಲು ಮನೆಯವರದು. ಆ ಪಾಲು ಕಟ್ಟುವವರೆಗೆ ಆಸ್ಪತ್ರೆಯವರು ಜನನದ ಚೀಟಿಯನ್ನು ಕೊಡದೆ ಇಟ್ಟುಕೊಂಡಿದ್ದರು. ಕೊನೆಗೆ ಬರ್ ಇಲ್ಯಾಸಿನ ಲೆಬನಾನಿ ಕಿರಾಣಿಯವನು ಸಾಲ ಕೊಟ್ಟ. ಅವನ ಲೆಕ್ಕದ ಪುಸ್ತಕದಲ್ಲಿ ಆ ಮುಖಯ್ಯಮಿನ ಎಲ್ಲ ಡೇರೆಗಳೂ ಇದ್ದವು. ಮೂರು ವಾರದ ಮೇಲೆ ಚೀಟಿ ಕೈಗೆ ಬಂತು. ನನ್ನ ಗೀಟು ಅದರಲ್ಲಿ ತಣ್ಣಗೆ ಕುಳಿತಿತ್ತು, ಆಗ ಯಾರೂ ನೋಡಲಿಲ್ಲ.

ಜನನ ಪತ್ರ ಎಂದರೆ ಒಂದು ಕಾಗದ ಎಂದುಕೊಂಡಿದ್ದೆ. ಕಾನೂನು ನೆರವಿನ ವಕೀಲೆ ಬೆರಳು ಮಡಚಿ ಎಣಿಸಿದಳು. ಆಸ್ಪತ್ರೆಯ ಅಥವಾ ಪರವಾನಗಿ ಇರುವ ಸೂಲಗಿತ್ತಿಯ ಚೀಟಿ. ಅದನ್ನು ತೋರಿಸಿ ‘ಮುಖ್ತಾರ್’ ಎಂಬ ಊರ ಹಿರಿಯ ಅಧಿಕಾರಿಯಿಂದ ಜನನ ಪತ್ರ. ಅದನ್ನು ‘ನುಫೂಸ್’ ಎಂಬ ಜನಸಂಖ್ಯಾ ಕಚೇರಿಯಲ್ಲಿ ದಾಖಲಿಸಬೇಕು. ಅಲ್ಲಿಂದ ಪ್ರಾಂತದ ಪರದೇಶಿಗಳ ದಾಖಲೆ ಕಚೇರಿಗೆ. ಆಮೇಲೆ ಲೆಬನಾನಿನ ವಿದೇಶಾಂಗ ಸಚಿವಾಲಯದ ಮೊಹರು, ಕೊನೆಗೆ ಸಿರಿಯಾದ ರಾಯಭಾರ ಕಚೇರಿ. ಇಷ್ಟೂ ಆದರೆ ಮಗು ಸಿರಿಯಾದ ಲೆಕ್ಕದಲ್ಲಿ ಹುಟ್ಟಿದಂತೆ. ಮೊದಲ ಮೂರು ಬಾಗಿಲು ಒಂದು ವರ್ಷದೊಳಗೆ ದಾಟದಿದ್ದರೆ ನ್ಯಾಯಾಲಯದ ಪಾಲು. ಆ ಗಡುವಿಗೆ ಅವಳು ಬಳಸಿದ ಪದ ‘ಮುದ್ದೆ’. ರಾಗಿ ಮುದ್ದೆ ಕಣ್ಣ ಮುಂದೆ ಬಂದು ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ಹೊಳೆಯಿತು, ನಮ್ಮ ‘ಮುದ್ದತು’ ಇದೇ. ದಫ್ತರು, ತಾರೀಖು, ಹಾಜರಿ, ಸಾಬೀತು, ನಮ್ಮ ತಾಲ್ಲೂಕು ಕಚೇರಿಯ ಅರ್ಧ ಪದಗಳು ಇಲ್ಲಿಂದ ಪರ್ಷಿಯನ್ ಹಾದು ಬಂದವು. ಕನ್ನಡದ ಕಚೇರಿಯಲ್ಲಿ ಕಾಯ್ದು ಗೊತ್ತಿದ್ದವಳಿಗೆ ಅರಬಿಯ ಕಚೇರಿ ಹೊಸದೆನಿಸಲಿಲ್ಲ.

ಇದಕ್ಕೆಲ್ಲ ಮುಂಚೆ ತಂದೆತಾಯಿಯ ಮದುವೆಯ ಕಾಗದ ಬೇಕು. ಇವರ ಮದುವೆ 2013ರ ಕೊನೆಯಲ್ಲಿ ಡೇರೆಯಲ್ಲೇ ಆದದ್ದು. ಒಬ್ಬ ಷೇಕ್ ಬಂದು ನಿಕಾಹ್ ಓದಿಸಿ ಕಾಗದದ ಚೂರಿನಲ್ಲಿ ಬರೆದುಕೊಟ್ಟು ಹೋಗಿದ್ದರು. ದೇವರಿಗೆ ಅದು ಸಾಕು, ಕಚೇರಿಗೆ ಸಾಲದು. ಅದೇ ಕಾರಣಕ್ಕೆ 2014ರಲ್ಲಿ ಹುಟ್ಟಿದ ಮಗಳದ್ದೂ ನೋಂದಣಿ ಆಗಿರಲಿಲ್ಲ. ಸೂಲಗಿತ್ತಿಯ ಚೀಟಿಯೊಂದೇ ಅವಳ ಆಸ್ತಿ. ಅದೃಷ್ಟಕ್ಕೆ 2018ರ ಮಾರ್ಚಿನಲ್ಲಿ, ಯುದ್ಧ ಶುರುವಾದ ವರ್ಷದಿಂದ 2018ರ ಫೆಬ್ರವರಿಯವರೆಗೆ ಹುಟ್ಟಿದ ಸಿರಿಯನ್ ಮಕ್ಕಳಿಗೆ ಆ ಒಂದು ವರ್ಷದ ಗಡುವನ್ನು ತೆಗೆದುಹಾಕಿದ್ದರು. ಹಾಗಾಗಿ ಅಕ್ಕನಿಗೆ ಮುದ್ದತು ಇಲ್ಲ, ತಮ್ಮನಿಗೆ ಇದೆ. ಇಬ್ಬರದೂ ಒಟ್ಟಿಗೆ ಮಾಡಿಸೋಣ ಎಂದು ವಕೀಲೆ ಹೇಳಿದಳು.

ಇದೆಲ್ಲ ಯಾಕೆ ಬೇಕು ಎಂದು ಒಮ್ಮೆ ಹಜ್ಜೆಯನ್ನು ಕೇಳಿದ್ದೆ. ಟ್ಯಾಬ್ಲೆಟ್ ಹಿಡಿದ ಹುಡುಗ ಹುಡುಗಿಯರು ಬಂದು ‘ನಿಮ್ಮ ಮುಖ್ಯ ಅಗತ್ಯಗಳೇನು’ ಎಂದು ಕೇಳಿಹೋಗುವುದು ಅಲ್ಲಿ ಮಳೆ ಬಂದಷ್ಟೇ ಸಾಮಾನ್ಯ. ಆ ವರ್ಷ ಅದು ತನಗೆ ಏಳನೆಯ ಸಲ ಎಂದು ಅವಳು ಲೆಕ್ಕ ಇಟ್ಟಿದ್ದಳು. ‘ಮಾಜ಼ೂತ್ ಎಂದರೆ ಬರೆದುಕೊಳ್ಳುತ್ತಾರೆ, ಹಾಲಿನ ಪುಡಿ ಎಂದರೆ ಬರೆದುಕೊಳ್ಳುತ್ತಾರೆ. ಕಾಗದ ಎಂದರೆ ಅದಕ್ಕೆ ಅವರ ಪರದೆಯ ಮೇಲೆ ಚೌಕವೇ ಇಲ್ಲ ಮಗಳೇ’ ಎಂದಳು. ಅವಳ ಹಟಕ್ಕೆ ಕಾರಣವಿತ್ತು. ಆ ವರ್ಷದ ಏಪ್ರಿಲ್‌ನಲ್ಲಿ ಸಿರಿಯಾ ಸರ್ಕಾರ ಹತ್ತನೆಯ ಸಂಖ್ಯೆಯ ಕಾನೂನು ತಂದು, ಮರುನಿರ್ಮಾಣದ ಪ್ರದೇಶಗಳಲ್ಲಿ ಆಸ್ತಿಯಿರುವವರು ಮೂವತ್ತು ದಿನದಲ್ಲಿ ಹಕ್ಕು ರುಜುವಾತು ಮಾಡಬೇಕೆಂದಿತ್ತು. ನವೆಂಬರಿನಲ್ಲಿ ಅದನ್ನು ಒಂದು ವರ್ಷಕ್ಕೆ ಹಿಗ್ಗಿಸಿದರು. ತೋಟದ ‘ತಾಬು’, ಅಂದರೆ ಹಕ್ಕುಪತ್ರ, ಅವಳ ಹತ್ತಿರವಿತ್ತು. ಆದರೆ ಕಾಗದವಿಲ್ಲದ ಮೊಮ್ಮಕ್ಕಳು ಅವಳ ಮೊಮ್ಮಕ್ಕಳೆಂದು ನಾಳೆ ಯಾರು ನಂಬುತ್ತಾರೆ? ತಾಬು, ಉಮಮಿನ ಕಾಗದ, ಸೂಲಗಿತ್ತಿಯ ಚೀಟಿ ಎಲ್ಲವೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಡೇರೆಯ ನಡುಗಂಬಕ್ಕೆ ನೇತುಬಿದ್ದಿದ್ದವು. ಬೆಂಕಿ ಬಿದ್ದರೆ ಮೊದಲು ಮಗು, ಆಮೇಲೆ ಚೀಲ ಎಂದು ಸೊಸೆಗೆ ಹೇಳಿಟ್ಟಿದ್ದಳು. ಡೇರೆಗೆ ಬೆಂಕಿ ಬೀಳುವುದು ಅಲ್ಲಿ ವರ್ಷವೂ ನಡೆಯುವ ಸಂಗತಿ.

ಬಂದದ್ದು ಬೆಂಕಿಯಲ್ಲ, ನೀರು. 2019ರ ಜನವರಿಯ ಮೊದಲ ವಾರ ‘ನೋರ್ಮಾ’ ಎಂದು ಹೆಸರಿಟ್ಟ ಬಿರುಗಾಳಿ ಮಳೆ, ಹಿಮ ಎರಡನ್ನೂ ತಂದಿತು. ಅರ್ಸಾಲಿನಲ್ಲಿ ಹಿಮದ ಭಾರಕ್ಕೆ ಡೇರೆಗಳು ಮಲಗಿದವು, ನಮ್ಮ ಕಡೆ ಹೊಳೆ ಒಳನುಗ್ಗಿತು. ಬರಿಯ ಹೊಳೆಯಲ್ಲ, ಕಕ್ಕಸು ಗುಂಡಿಗಳ ನೀರೂ ಸೇರಿದ ಹೊಳೆ. ನಮ್ಮ ವ್ಯಾನು ಒಳಗೆ ಹೋಗಲಾರದೆ ರಸ್ತೆಯಲ್ಲೇ ನಿಂತಿತು. ನಾನು ರಬ್ಬರ್ ಬೂಟು ಹಾಕಿಕೊಂಡು ಮೊಣಕಾಲು ಮಟ್ಟದ ನೀರಿನಲ್ಲಿ ನಡೆದುಹೋದೆ. ಆ ಸಂಸಾರ ಆಗಲೇ ಶಾವೀಶನ ಡೇರೆಗೆ ಹೋಗಿತ್ತು, ಅವನದು ತುಸು ಎತ್ತರದಲ್ಲಿತ್ತು. ಒಂದೇ ಡೇರೆಯಲ್ಲಿ ಮೂವತ್ತು ಜನ. ಎರಡು ತಿಂಗಳ ಕೂಸು ಹಜ್ಜೆಯ ನಿಲುವಂಗಿಯೊಳಗೆ, ಪ್ಲಾಸ್ಟಿಕ್ ಚೀಲ ಅದರ ಪಕ್ಕದಲ್ಲಿ. ಚಾಪೆ, ಹಾಸಿಗೆ, ಚಳಿಗಾಲಕ್ಕೆಂದು ಕೂಡಿಟ್ಟ ಬುರ್ಗುಲ್, ಅಂದರೆ ಗೋಧಿ ನುಚ್ಚು, ಎಲ್ಲ ಹೋಗಿತ್ತು. ಆ ವಾರ ಶಾವೀಶನ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬದಲಾಯಿತು. ಮುಂದಿನ ತಿಂಗಳು ಬಾಡಿಗೆ ಎತ್ತಲು ಬಂದಾಗ ಮತ್ತೆ ಮೊದಲಿನಂತಾಯಿತು.

ಷರಿಯಾ ನ್ಯಾಯಾಲಯದಲ್ಲಿ ಮದುವೆಯ ಸಾಬೀತಿಗೆ ಫೆಬ್ರವರಿಯಲ್ಲಿ ದಿನ ಸಿಕ್ಕಿತು. ಗಂಡ ಖುದ್ದಾಗಿ ಬರಬೇಕು. ಜನನ ನೋಂದಣಿಗೆ ವಾಸದ ಪರವಾನಗಿ ಕೇಳುವುದನ್ನು 2017ರಲ್ಲೇ ಸಡಿಲಿಸಿದ್ದರು, ಆದರೆ ಕಚೇರಿಗೆ ಹೋಗುವ ರಸ್ತೆಯ ಹಾಜಿಜ಼್ ಸಡಿಲವಾಗಿರಲಿಲ್ಲ. 2016ರಲ್ಲಿ ಅವನು ಒಂದು ರಾತ್ರಿ ಬಂಧನದಲ್ಲಿದ್ದು ಬಂದವನು. ಹಿಂದಿನ ದಿನ ಡೇರೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಅವನು ಹೊಲಗಳ ನಡುವೆ ನಡೆದು ಹೊರಟ. ನಾವು ಹೆಂಗಸರು ಎಂಟಕ್ಕೆ ವ್ಯಾನಿನಲ್ಲಿ ಹೊರಟೆವು. ಹಾಜಿಜ಼್‌ನಲ್ಲಿ ಸೈನಿಕ ನನ್ನ ಪಾಸ್‌ಪೋರ್ಟು ನೋಡಿ ‘ಹಿಂದಿಯ್ಯೆ?’ ಎಂದು ಕೇಳಿ, ತಾನು ದಕ್ಷಿಣದಲ್ಲಿದ್ದಾಗ ವಿಶ್ವಸಂಸ್ಥೆಯ ಶಾಂತಿಪಡೆಯ ಭಾರತೀಯ ಸೈನಿಕರ ಹತ್ತಿರ ಚಹಾ ಕುಡಿದದ್ದನ್ನು ಹೇಳಿದ. ಹಿಂದೆ ಕುಳಿತವರ ಕಾಗದ ಕೇಳಲಿಲ್ಲ. ಗಂಡ ನ್ಯಾಯಾಲಯದ ಎದುರಿನ ಅಂಗಡಿಯಲ್ಲಿ ಕೆಸರಿನ ಬೂಟಿನಲ್ಲಿ ನಿಂತಿದ್ದ. ಅವನಿಗೂ ಏನೂ ಆಗಲಿಲ್ಲ. ಮದುವೆಗೆ ಸಾಕ್ಷಿಯಾಗಿದ್ದ ಇಬ್ಬರಲ್ಲಿ ಒಬ್ಬ ಜರ್ಮನಿ ಸೇರಿದ್ದ. ಅವನ ಬದಲು ಹಳ್ಳಿಯ ಇನ್ನೊಬ್ಬ ಹಿರಿಯ ಬಂದಿದ್ದ. ನ್ಯಾಯಾಧೀಶರು ಕೇಳಿದ್ದು ನಾಲ್ಕೇ ಪ್ರಶ್ನೆ. ‘ಮೆಹರ್ ಎಷ್ಟು ಕೊಟ್ಟೆ?’ ಎಂದಾಗ ಗಂಡ ತಲೆ ತಗ್ಗಿಸಿ ಒಂದು ಮೊತ್ತ ಹೇಳಿದ. ಸೊಸೆ ನನ್ನ ಕಿವಿಯಲ್ಲಿ ‘ಇನ್ನೂ ಕೊಟ್ಟಿಲ್ಲ’ ಎಂದಳು. ಎರಡನೆಯ ವಾಯಿದೆಗೆ ಕಾಗದ ಕೈಗೆ ಬಂತು.

ಆ ಕಾಗದ ಹಿಡಿದು ಮುಖ್ತಾರರ ಹತ್ತಿರ ಹೋದಾಗಲೇ ನನ್ನ ಗೀಟು ಸಿಕ್ಕಿಬಿದ್ದದ್ದು. ಮುಖ್ತಾರರ ಕಚೇರಿ ಎಂದರೆ ಅವರ ಬೀಜ ಗೊಬ್ಬರದ ಅಂಗಡಿಯ ಹಿಂಭಾಗ. ನಿಕಾಹ್ ಕಾಗದ ಒಂದು ಕೈಯಲ್ಲಿ, ಆಸ್ಪತ್ರೆಯ ಚೀಟಿ ಇನ್ನೊಂದರಲ್ಲಿ ಹಿಡಿದು ಕನ್ನಡಕ ಏರಿಸಿ, ‘ಈ ತಾಯಿಯೂ ಆ ತಾಯಿಯೂ ಬೇರೆ ಬೇರೆ’ ಎಂದರು. ಸೊಸೆ ಅತ್ತಳು. ನನ್ನ ಕೈಬರಹದ ಕಾರ್ಡು ಅವಳ ಚೀಲದಲ್ಲಿತ್ತು. ತೆಗೆದು ನೋಡಿದೆ, ಬೆವರಿದೆ. ತಪ್ಪು ನನ್ನದೆಂದು ನನ್ನ ಮಸ್ಕತ್ ಅರಬಿಯಲ್ಲಿ ಹೇಳಿದೆ. ಬೈಗುಳಕ್ಕೆ ಸಿದ್ಧಳಾಗಿದ್ದೆ. ಹಜ್ಜೆ ಮಾತ್ರ ‘ನೀನು ಬರೆದೆಯಲ್ಲ, ನಾವು ಓದಬೇಕಿತ್ತು’ ಎಂದಳು. ಆ ಮನೆಯಲ್ಲಿ ಓದಬಲ್ಲವನು ಮಗನೊಬ್ಬನೇ.

ಕಾಯುವ ಹೊತ್ತಿನಲ್ಲಿ ಮುಖ್ತಾರರು ಕಾಫಿ ತರಿಸಿದರು, ಜೊತೆಗೆ ಮಾತೂ ಬಂತು. ಸಿರಿಯಾದ ಸೇನೆ 1976ರಿಂದ 2005ರವರೆಗೆ ಈ ದೇಶದಲ್ಲಿ ಬೀಡುಬಿಟ್ಟಿತ್ತು. ಅದರ ಗುಪ್ತಚರ ದಳದ ಕಚೇರಿ ಇಲ್ಲೇ ಅಂಜರ್‌ನಲ್ಲಿತ್ತು. ತಮ್ಮ ಚಿಕ್ಕಪ್ಪನನ್ನು ಅಲ್ಲಿಗೆ ಕರೆದೊಯ್ದವರು ಮರಳಿ ಕಳಿಸಲೇ ಇಲ್ಲ ಎಂದು ಮುಖ್ತಾರರು ಹೇಳಿದರು. ‘ಈಗ ಅದೇ ದೇಶದ ಮಕ್ಕಳಿಗೆ ನಾನು ಮೊಹರು ಒತ್ತುತ್ತಿದ್ದೇನೆ.’ ಹಜ್ಜೆ ಬಟ್ಟಲು ಕೆಳಗಿಟ್ಟು, 2006ರಲ್ಲಿ ಇಸ್ರೇಲ್ ಬಾಂಬು ಹಾಕಿದಾಗ ಲೆಬನಾನಿನ ಎರಡು ಸಂಸಾರಗಳು ಒಂದು ತಿಂಗಳು ತನ್ನ ಮನೆಯಲ್ಲಿದ್ದವು ಎಂದಳು. ‘ಅವರಿಂದ ನಾನು ಇಕಾಮೆ ಕೇಳಲಿಲ್ಲ.’ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮುಖ್ತಾರರ ಹೆಂಡತಿ ಬಂದು ಬಟ್ಟಲುಗಳನ್ನು ತೆಗೆದುಕೊಂಡು ಹೋದಳು.

ಚೀಟಿ ತಿದ್ದಿಸುವ ಕೆಲಸ ನನ್ನದಾಯಿತು. ಆಸ್ಪತ್ರೆಯಲ್ಲಿ ದಾಖಲೆಯ ಗುಮಾಸ್ತೆ ಹೆರಿಗೆ ರಜೆಯಲ್ಲಿದ್ದಳು, ಅದೊಂದು ತಮಾಷೆ. ಅವಳ ಬದಲಿಗೆ ಇದ್ದವನು ಸಹಿ ಹಾಕುವ ಅಧಿಕಾರ ತನಗಿಲ್ಲವೆಂದ. ನಾಲ್ಕು ಸಲ ಹೋದೆ. ನಮ್ಮ ಸಂಸ್ಥೆಯ ಹೆಸರಿನಲ್ಲಿ ತಪ್ಪೊಪ್ಪಿಗೆಯ ಪತ್ರ ಬರೆದುಕೊಟ್ಟೆ. ಬೇರೆ ಚೀಟಿ ಬರೆದು ಹೆರಿಗೆ ಮಾಡಿಸಿದ ವೈದ್ಯರ ಸಹಿ ಹಾಕಿಸಿಕೊಟ್ಟಾಗ ಏಪ್ರಿಲ್ ನಡೆಯುತ್ತಿತ್ತು. ಈ ಸಲ ಚೀಟಿಯನ್ನು ಅಲ್ಲೇ ಬಾಗಿಲಲ್ಲಿ ನಿಂತು, ಬೆರಳಿಟ್ಟು, ಅಕ್ಷರ ಅಕ್ಷರ ಓದಿದೆ.

ಮುಖ್ತಾರರು ಮಗನ ಪತ್ರಕ್ಕೆ ಶುಲ್ಕ ತೆಗೆದುಕೊಂಡರು. ಮಗಳದು ರಿಯಾಕ್ ಕಡೆಯ ಇನ್ನೊಬ್ಬ ಮುಖ್ತಾರರ ಪಾಲಿನದು, ಏಕೆಂದರೆ ಅವಳು ಹುಟ್ಟಿದ್ದು ಅಲ್ಲಿ. ಅಲ್ಲಿ ಇವರ ಡೇರೆಯಿದ್ದ ಜಾಗದಲ್ಲಿ ಆಲೂಗಡ್ಡೆ ಬೆಳೆದಿತ್ತು. ನಾಲ್ಕು ವರ್ಷದ ಹುಡುಗಿಯನ್ನು ಎದುರಿಗೆ ನಿಲ್ಲಿಸಿ, ‘ನೀನು ಹುಟ್ಟಿದ್ದೀಯಾ?’ ಎಂದು ಆ ಮುಖ್ತಾರರು ಗಂಭೀರವಾಗಿ ಕೇಳಿದರು. ಅವಳು ಅಜ್ಜಿಯ ಮುಖ ನೋಡಿ, ಗೊತ್ತಿಲ್ಲವೆಂದು ತಲೆಯಾಡಿಸಿದಳು.

ನುಫೂಸ್‌ನಲ್ಲಿ ಸಾಲು ಉದ್ದವಿತ್ತು, ಕೆಲಸ ಸಲೀಸಾಗಿತ್ತು. ಪರದೇಶಿಗಳ ದಾಖಲೆಗೆ ಮೇ ತಿಂಗಳ ಕೊನೆಯಲ್ಲಿ ಹೋದೆವು. ಗುಮಾಸ್ತ ದೊಡ್ಡ ಪುಸ್ತಕ ತೆರೆದು, ಕೈಯಲ್ಲೇ ಬರೆದು, ಸಂಖ್ಯೆ ಹಾಕಿ, ಸ್ಟಾಂಪು ಅಂಟಿಸಿ ಎರಡು ಮೊಹರು ಹೊಡೆದ. ಲೆಬನಾನಿನಲ್ಲಿ ಹುಟ್ಟಿದ ಸಿರಿಯನ್ ಮಕ್ಕಳಲ್ಲಿ ಆಗ ಈ ಪುಸ್ತಕದವರೆಗೆ ಬಂದು ಮುಟ್ಟಿದವರು ಸುಮಾರು ಐವರಲ್ಲಿ ಒಬ್ಬರು ಮಾತ್ರ. ಹೊರಗೆ ಬಂದು ಹಜ್ಜೆ ಇಬ್ಬರ ಪತ್ರಗಳನ್ನೂ ಗೋಡೆಗೆ ಹಿಡಿದು ನಿಂತಳು, ನನ್ನ ಮೊಬೈಲಿನಲ್ಲಿ ಫೋಟೊ ತೆಗೆಸಿದಳು. ಆಮೇಲೆ ಐದೈದು ನಕಲು ಮಾಡಿಸಿದಳು. ಸಚಿವಾಲಯ, ರಾಯಭಾರ ಕಚೇರಿಗೆ ಯಾವಾಗ ಎಂದು ನಾನು ಕೇಳಿದೆ. ಊರು ಬಿಟ್ಟ ಮಗನ ಹೆಸರನ್ನು ಆ ಕಚೇರಿಯವರಿಗೆ ತಾನಾಗಿ ಹೋಗಿ ಬರೆದುಕೊಡುವಷ್ಟು ದಡ್ಡಿ ತಾನಲ್ಲ ಎಂದಳು. ಸಿರಿಯಾದ ಸೇನೆಗೆ ಕಡ್ಡಾಯವಾಗಿ ಸೇರಬೇಕಾದ ವಯಸ್ಸು ದಾಟದ ಗಂಡಸರಿದ್ದ ಮನೆಗಳಲ್ಲಿ ಹೆಚ್ಚಿನವರು ಅಲ್ಲಿಗೇ ನಿಲ್ಲಿಸುತ್ತಿದ್ದರು.

ಜೂನಿನಲ್ಲಿ ನನ್ನ ಅವಧಿ ಮುಗಿಯಿತು. ಅಕ್ಟೋಬರಿನಿಂದ ಲೀರಾ ಕುಸಿಯತೊಡಗಿತು. ಡಾಲರಿಗೆ 1500 ಇದ್ದದ್ದು ಕೆಲವೇ ವರ್ಷಗಳಲ್ಲಿ 90,000ದ ಹತ್ತಿರ ಹೋಯಿತು. ಸಾಲ ಕೊಟ್ಟಿದ್ದ ಕಿರಾಣಿಯವನು ಅಂಗಡಿ ಮುಚ್ಚಿದ. ಸೊಸೆ ಆಗಾಗ ಧ್ವನಿಸಂದೇಶ ಕಳಿಸುತ್ತಿದ್ದಳು. 2021ರ ಚಳಿಗಾಲದಲ್ಲಿ ಹಜ್ಜೆ ತೀರಿಕೊಂಡಳೆಂದು ಕಳಿಸಿದಳು. 2024ರ ಅಕ್ಟೋಬರಿನಲ್ಲಿ ಬೆಕಾದ ಮೇಲೆ ಇಸ್ರೇಲಿನ ಬಾಂಬು ಬೀಳುತ್ತಿದ್ದಾಗ ಮಸ್ನಾ ರಸ್ತೆಯಲ್ಲಿ ಬಾಂಬು ತೋಡಿದ ದೊಡ್ಡ ಗುಂಡಿ ಇಳಿದು ಹತ್ತಿ, ಮಕ್ಕಳನ್ನು ಕರೆದುಕೊಂಡು ನಡೆದೇ ಸಿರಿಯಾಕ್ಕೆ ಹೋದಳು. ಸೇನೆಯ ಭಯಕ್ಕೆ ಗಂಡ ಹಿಂದೆಯೇ ಉಳಿದ. ಡಿಸೆಂಬರ್ 8ರಂದು ಸಿರಿಯಾದ ಅಧ್ಯಕ್ಷ ಅಸದ್ ಓಡಿಹೋದ ಮೇಲೆ ಅವನೂ ಹೋದ. ಮನೆಗೆ ಸೂರಿಲ್ಲ, ತೋಟದಲ್ಲಿ ಮರಗಳ ಬುಡ ಮಾತ್ರ ಇದೆ ಎಂದು ಚಿತ್ರ ಕಳಿಸಿದಳು.

ಕಳೆದ ಸಲ ಬಂದ ಸಂದೇಶ ಕಾಗದದ್ದು. ಹುಡುಗಿಯ ಹೆಸರನ್ನು ಸಿರಿಯಾದ ದಾಖಲೆಗೆ ಸೇರಿಸಬೇಕು. ನಾವು ಆಗ ಬಿಟ್ಟಿದ್ದ ಎರಡು ಮೊಹರು ಈಗ ಕೇಳುತ್ತಿದ್ದಾರೆ. ಮೊಹರು ಹಾಕಿಸಲು ಅಸಲು ಪತ್ರ ಬೇಕು. ಹುಡುಗನದು ಚೀಲದಲ್ಲಿದೆ, ಹುಡುಗಿಯದು ಬೆಕಾದ ಶಾಲೆಯೊಂದಕ್ಕೆ ಕೊಟ್ಟದ್ದು ವಾಪಸ್ ಬರಲಿಲ್ಲ. ನಕಲುಗಳೆಲ್ಲ ಒಂದಲ್ಲ ಒಂದು ಕಚೇರಿ ಸೇರಿವೆ. ಪುಸ್ತಕದ ಸಂಖ್ಯೆ ಸಿಕ್ಕರೆ ಬೆಕಾದಲ್ಲಿರುವ ಅಣ್ಣ ಇನ್ನೊಂದು ಪ್ರತಿ ತೆಗೆಸಬಲ್ಲ. ‘ಉಖ್ತಿ (ಸೋದರಿ), ಅವತ್ತು ಅತ್ತೆ ಫೋಟೊ ತೆಗೆಸಿದ್ದಳಲ್ಲ, ಅದು ನಿನ್ನ ಹತ್ತಿರ ಉಂಟೇ?’

ಹಳೆಯ ಮೊಬೈಲ್ ಕಪಾಟಿನಲ್ಲಿತ್ತು. ಚಾರ್ಜ್ ಆಗಲು ಅರ್ಧ ದಿನ ತೆಗೆದುಕೊಂಡಿತು. ಫೋಟೊ ಇತ್ತು. ಸಂಖ್ಯೆ ಸ್ಪಷ್ಟವಾಗಿ ಕಾಣುತ್ತಿತ್ತು, ತಾಯಿಯ ಹೆಸರಿನ ಕೊನೆಗೆ ಎರಡು ಚುಕ್ಕೆಯ ದುಂಡನೆಯ ಅಕ್ಷರವೂ. ಎಡ ಮೂಲೆಯಲ್ಲಿ ಕಾಗದವನ್ನು ಗೋಡೆಗೆ ಒತ್ತಿ ಹಿಡಿದ ಹಜ್ಜೆಯ ಹೆಬ್ಬೆರಳು ಬಂದಿತ್ತು. ಅದನ್ನು ಕತ್ತರಿಸದೆ ಹಾಗೆಯೇ ಕಳಿಸಿದೆ.